ಡೌಟ್ ಎಲ್ಲಿ ಕೇಳಬೇಕು?

ಇದು ಸ್ವಲ್ಪ ಉದ್ದ ಇದೆ. ಬಿಡುವಿದ್ದಾಗ ಓದಿ, ಓದದೆ ಲೈಕ್ ಒತ್ತಬೇಡಿ.

ಪ್ರತಿ ವರ್ಷ ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ವಾರ ನನಗೆ ಬರುವ ಫೋನುಗಳು ಒಂದೇ ಥರ. "ಅಣ್ಣ, ಮಗಳಿಗೆ ಒಳ್ಳೆ ಮಾರ್ಕ್ಸ್ ಬಂದದೆ, ಸೈನ್ಸ್ ಕೊಡಿಸ್ಲಾ?" ಕೊಡಿಸಿ ಅಂತೀನಿ. ಅರ್ಜಿ ತುಂಬೋದು, ಜಾತಿ ಆದಾಯ ಪ್ರಮಾಣಪತ್ರ, ಹಾಸ್ಟೆಲ್ ಸೀಟು, ಸ್ಕಾಲರ್‌ಶಿಪ್ಪಿಗೆ ಬ್ಯಾಂಕ್ ಖಾತೆ, ಇವೆಲ್ಲ ನಮ್ಮಂಥವರ ಕೈಗೆ ಬರುವ ಕೆಲಸ. ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾಗಿ ಇಷ್ಟು ವರ್ಷ ಕೂತ ಮೇಲೆ ಯಾವ ಕಾಗದ ಯಾವ ಟೇಬಲಿಗೆ ಹೋಗಬೇಕು ಅನ್ನೋದು ಕಣ್ಣು ಮುಚ್ಚಿಕೊಂಡು ಗೊತ್ತಾಗುತ್ತೆ. ಜೂನಿನಲ್ಲಿ ಮಕ್ಕಳು ಹೊಸ ಬ್ಯಾಗ್ ಹಾಕಿಕೊಂಡು ಕಾಲೇಜಿಗೆ ಹೋಗ್ತಾರೆ. ಆಗಸ್ಟ್ ಹೊತ್ತಿಗೆ ಅದೇ ನಂಬರಿನಿಂದ ಇನ್ನೊಂದು ಫೋನು. "ಅಣ್ಣ, ಸೈನ್ಸ್ ಬಿಡಿಸಿ ಆರ್ಟ್ಸ್‌ಗೆ ಹಾಕೋಕೆ ಏನ್ಮಾಡ್ಬೇಕು?"

ನಾನೂ ಬಿಎ ಓದಿದವನೇ. ಆರ್ಟ್ಸ್ ಬಗ್ಗೆ ನನಗೆ ಕೀಳು ಭಾವನೆ ಇಲ್ಲ. ಇತಿಹಾಸ ಇಷ್ಟಪಟ್ಟು ಬರುವ ಮಗು ಬೇರೆ, ಫಿಸಿಕ್ಸ್ ಕ್ಲಾಸಿನಿಂದ ತಪ್ಪಿಸಿಕೊಂಡು ಬರುವ ಮಗು ಬೇರೆ. ಜೂನಿನಿಂದ ಆಗಸ್ಟ್‌ವರೆಗೆ ಆ ಮಗುವಿಗೆ ಏನಾಯ್ತು ಅಂತ ವಿಚಾರಿಸಿದರೆ ದೊಡ್ಡ ಘಟನೆ ಏನೂ ಸಿಗೋದಿಲ್ಲ. ಯಾರೂ ಹೊಡೆದಿರೋದಿಲ್ಲ. ಯಾರೂ ಜಾತಿ ಹಿಡಿದು ಬೈದಿರೋದಿಲ್ಲ. ಕೇಸ್ ಹಾಕುವಂಥದ್ದು ಏನೂ ಇರೋದಿಲ್ಲ. ಒಂದು ಡೌಟ್ ಬಂದಿರುತ್ತೆ, ಅದನ್ನು ಕೇಳೋಕೆ ಜಾಗ ಸಿಕ್ಕಿರೋದಿಲ್ಲ. ಅದರ ಮೇಲೆ ಇನ್ನೊಂದು ಡೌಟ್, ಅದರ ಮೇಲೆ ಮತ್ತೊಂದು. ಮೂರು ತಿಂಗಳಲ್ಲಿ ಅದು ಗೋಡೆ ಆಗಿರುತ್ತೆ.

ನಮ್ಮ ಹಾಸ್ಟೆಲಿನ ಒಬ್ಬ ಹುಡುಗಿಯ ವಿಷಯ ಹೇಳ್ತೀನಿ. ಹೆಸರು ಬೇಡ. ಕನ್ನಡ ಮೀಡಿಯಂನಲ್ಲಿ ಹತ್ತನೇ ಕ್ಲಾಸು ಮುಗಿಸಿ ಫಸ್ಟ್ ಪಿಯುಸಿ ಸೈನ್ಸ್ ಸೇರಿದವಳು. ನ್ಯೂಟನ್ನಿನ ಮೂರನೇ ನಿಯಮ ಪಾಠ ಆಗ್ತಾ ಇತ್ತು. ಅವಳಿಗೆ ಬಂದ ಡೌಟ್ ಇದು: "ಎತ್ತು ಗಾಡೀನ ಎಷ್ಟು ಬಲದಲ್ಲಿ ಎಳೀತದೋ ಗಾಡೀನೂ ಎತ್ತನ್ನ ಅಷ್ಟೇ ಬಲದಲ್ಲಿ ಹಿಂದಕ್ಕೆ ಎಳೀತದಂತೆ. ಹಂಗಾದ್ರೆ ಗಾಡಿ ಮುಂದಕ್ಕೆ ಹೆಂಗೆ ಹೋಗ್ತದೆ?"

ಎದ್ದು ನಿಂತು ಕೇಳಿದಳು. ಕ್ಲಾಸು ನಕ್ಕಿತು. ಪಾಠ ಮಾಡ್ತಿದ್ದವರು ನಗಲಿಲ್ಲ, ಅದನ್ನು ಹೇಳಲೇಬೇಕು. "ಇದು ಹೈಸ್ಕೂಲ್ ಪ್ರಶ್ನೆ, ಇಲ್ಲಿ ಟೈಮ್ ವೇಸ್ಟ್ ಮಾಡಬೇಡ, ಟ್ಯೂಷನ್‌ನಲ್ಲಿ ಕೇಳ್ಕೋ" ಅಂದರಂತೆ. ಸಿಲಬಸ್ ಮುಗಿಸುವ ಅವಸರ ಅವರಿಗೂ ಇರುತ್ತೆ, ಆ ಮಾತಿನಲ್ಲಿ ದ್ವೇಷ ಇತ್ತು ಅಂತ ನಾನು ಹೇಳಲ್ಲ. ಆದರೆ ಅವಳು ಟ್ಯೂಷನ್‌ಗೆ ಹೋಗೋದಿಲ್ಲ. ಅವರಪ್ಪ ಗಾರೆ ಕೆಲಸ. ಟ್ಯೂಷನ್ ಫೀಸಿನ ಮೊದಲ ಕಂತು ಕೇಳಿಯೇ ಅವಳು ಆ ಬೀದಿಗೆ ಹೋಗೋದು ಬಿಟ್ಟಿದ್ದಳು. ಸೀನಿಯರ್ ಅಕ್ಕನನ್ನು ಕೇಳಿದರೆ "ಎಕ್ಸಾಮಿಗೆ ಬರಲ್ಲ, ಡೆಫಿನಿಷನ್ ಬಾಯಿಪಾಠ ಮಾಡು." ವಾರ್ಡನ್ನನ್ನು ಕೇಳಿದರೆ "ನಾನು ಕಾಮರ್ಸ್ ಕಣಮ್ಮ, ಕಾಲೇಜಲ್ಲಿ ಕೇಳು." ಕಾಲೇಜಲ್ಲಿ ಕೇಳಿ ಬಂದಾಗಿತ್ತಲ್ಲ.

ನಮ್ಮ ಕಚೇರಿಯಲ್ಲಿ ಇದನ್ನು ದಿನಾ ನೋಡ್ತೀನಿ. ಹಳ್ಳಿಯಿಂದ ಬಂದ ಮುದುಕಿಯನ್ನು ಈ ಟೇಬಲ್ ಅಲ್ಲ ಆ ಟೇಬಲ್, ಆ ಟೇಬಲ್ ಅಲ್ಲ ಪಕ್ಕದ ಕೋಣೆ, ಪಕ್ಕದ ಕೋಣೆಯವರು ರಜ, ಸೋಮವಾರ ಬಾ ಅಂತ ತಿರುಗಿಸ್ತಾರೆ. ಯಾರೂ ಆಕೆಯ ಅರ್ಜಿಯನ್ನು ತಿರಸ್ಕರಿಸಲಿಲ್ಲ. ತಿರಸ್ಕರಿಸಿದ್ದರೆ ಮೇಲ್ಮನವಿ ಹಾಕಬಹುದಿತ್ತು. ಜಾಗ ತಪ್ಪು ಅಂತ ಮಾತ್ರ ಹೇಳಿದರು. ಪ್ರಶ್ನೆ ಸರಿಯಿದೆ, ಕೇಳಿದ ಜಾಗ ಸರಿಯಿಲ್ಲ. ಈ ಮಾತನ್ನು ನಮ್ಮ ಜನ ಎಷ್ಟು ತಲೆಮಾರಿನಿಂದ ಕೇಳಿಸಿಕೊಂಡಿದ್ದಾರೆ ಲೆಕ್ಕ ಹಾಕಿ.

ಏಕಲವ್ಯನ ಕತೆ ನಮ್ಮ ಭಾಷಣಗಳಲ್ಲಿ ಯಾವಾಗಲೂ ಹೆಬ್ಬೆರಳಿನಿಂದ ಶುರುವಾಗುತ್ತೆ. ನನಗೆ ಅದಕ್ಕಿಂತ ಮುಂಚಿನ ಭಾಗ ಕಾಡುತ್ತೆ. ಮಣ್ಣಿನ ಮೂರ್ತಿ ಮುಂದೆ ಕಲಿತ ಅಂತಾರಲ್ಲ, ಬಾಣ ಗುರಿ ತಪ್ಪಿದಾಗ ಆ ಹುಡುಗ ಯಾರನ್ನು ಕೇಳಿದ? ಮೊಣಕೈ ಎಷ್ಟು ಎತ್ತಬೇಕು, ಗಾಳಿ ಅಡ್ಡ ಬೀಸಿದರೆ ಏನು ಮಾಡಬೇಕು, ಹೆದೆ ಯಾಕೆ ಸಡಿಲ ಆಗುತ್ತೆ? ಮೂರ್ತಿ ಉತ್ತರ ಕೊಡೋದಿಲ್ಲ. ಅವನು ಕಲಿತದ್ದಕ್ಕೆ ಎಲ್ಲರೂ ಚಪ್ಪಾಳೆ ಹೊಡೀತಾರೆ, ಕೇಳದೇ ಕಲಿಯಬೇಕಾಗಿ ಬಂದದ್ದನ್ನು ಯಾರೂ ಲೆಕ್ಕಕ್ಕೆ ತಗೊಳ್ಳೋದಿಲ್ಲ.

ಬಾಬಾಸಾಹೇಬರ ಬಾಲ್ಯದಲ್ಲೂ ಇದೇ ಇದೆ. ಗೋಣಿತಾಟಿನ ಮೇಲೆ ಕೂತದ್ದು, ಜವಾನ ಇಲ್ಲದ ದಿನ ನೀರಿಲ್ಲದೆ ಇದ್ದದ್ದು ನಿಮಗೆಲ್ಲ ಗೊತ್ತು. ಮುಂಬೈನ ಎಲ್ಫಿನ್‌ಸ್ಟನ್ ಹೈಸ್ಕೂಲಿನಲ್ಲಿ ಲೆಕ್ಕ ಬಿಡಿಸಲು ಮೇಷ್ಟ್ರು ಕರೆದಾಗ ಬೇರೆ ಹುಡುಗರು ಓಡಿಹೋಗಿ ಕಪ್ಪುಹಲಗೆಯ ಹಿಂದೆ ಇಟ್ಟಿದ್ದ ಊಟದ ಡಬ್ಬಿಗಳನ್ನು ತೆಗೆದ ಪ್ರಸಂಗವೂ ಅವರ ಜೀವನಚರಿತ್ರೆಗಳಲ್ಲಿ ಬರುತ್ತೆ. ಹಲಗೆಯವರೆಗೆ ಹೋಗುವ ಹತ್ತು ಹೆಜ್ಜೆ ಎಷ್ಟು ಉದ್ದ ನೋಡಿ. ಆದರೆ ನಾನು ಹುಡುಗರಿಗೆ ಹೆಚ್ಚು ಹೇಳೋದು ಬೇರೆ ಕತೆ. ಪರೇಲಿನ ಚಾಳಿನ ಒಂದೇ ಕೋಣೆಯಲ್ಲಿ ಓದೋಕೆ ಜಾಗ ಇಲ್ಲದೆ ಭೀಮರಾವ್ ಚರ್ನಿ ರೋಡ್ ಉದ್ಯಾನದಲ್ಲಿ ಕೂತು ಓದ್ತಿದ್ದರು. ಅಲ್ಲಿಗೆ ಬರ್ತಿದ್ದ ಕೃಷ್ಣಾಜಿ ಅರ್ಜುನ ಕೆಳುಸ್ಕರ್ ಈ ಹುಡುಗನನ್ನು ಗಮನಿಸಿ ಮಾತಾಡಿಸಿದರು. ಕೆಳುಸ್ಕರ್ ಅವನ ಶಾಲೆಯ ಮೇಷ್ಟ್ರಲ್ಲ, ಬೇರೆ ಶಾಲೆಯವರು. ಪುಸ್ತಕ ಕೊಟ್ಟರು. 1907ರಲ್ಲಿ ಮೆಟ್ರಿಕ್ ಪಾಸಾದಾಗ ಸನ್ಮಾನದ ಸಭೆಯಲ್ಲಿ ತಾವೇ ಬರೆದ ಬುದ್ಧನ ಚರಿತ್ರೆ ಕೊಟ್ಟರು. ಮುಂದೆ ಬರೋಡದ ಸಯಾಜಿರಾವ್ ಗಾಯಕವಾಡರ ಹತ್ತಿರ ಕರೆದುಕೊಂಡು ಹೋಗಿ ತಿಂಗಳಿಗೆ 25 ರೂಪಾಯಿ ವಿದ್ಯಾರ್ಥಿವೇತನಕ್ಕೆ ದಾರಿ ಮಾಡಿದರು. ತರಗತಿಯಲ್ಲಿ ಸಿಗದ ಜಾಗ ಪಾರ್ಕಿನ ಬೆಂಚಿನ ಮೇಲೆ ಸಿಕ್ಕಿತು. ಪಾರ್ಕಿನ ಬೆಂಚು ಎಲ್ಲ ಊರಲ್ಲೂ ಇದೆ, ಕೆಳುಸ್ಕರ್ ಥರದವರು ಬಂದು ಕೂರಬೇಕಲ್ಲ.

ಇನ್ನೊಬ್ಬರು ಮೇಘನಾದ ಸಹಾ. ಕೆಳಜಾತಿ ಅಂತ ಎಣಿಸುತ್ತಿದ್ದ ಮನೆತನ, ಢಾಕಾ ಹತ್ತಿರದ ಹಳ್ಳಿಯಲ್ಲಿ ಅಪ್ಪನದು ಸಣ್ಣ ಅಂಗಡಿ. ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿಗೆ ಬಂದು ಹಾಸ್ಟೆಲಿನಲ್ಲಿ ಇದ್ದಾಗ ಕೆಲವು ಮೇಲ್ಜಾತಿ ಹುಡುಗರು ಜೊತೆಗೆ ಕೂತು ಉಣ್ಣೋಕೆ ಒಪ್ಪಲಿಲ್ಲ. ಅದೇ ಸಹಾ 1920ರಲ್ಲಿ ಕೊಟ್ಟ ಸಮೀಕರಣದಿಂದ ನಕ್ಷತ್ರದ ಬೆಳಕು ನೋಡಿ ಅದರ ಉಷ್ಣತೆ ಲೆಕ್ಕ ಹಾಕೋದು ಸಾಧ್ಯವಾಯ್ತು. ಅದನ್ನು ಇವತ್ತಿಗೂ ಪ್ರಪಂಚ ಎಲ್ಲ ಸಹಾ ಸಮೀಕರಣ ಅಂತಲೇ ಓದುತ್ತೆ. 1952ರಲ್ಲಿ ಪಕ್ಷೇತರರಾಗಿ ನಿಂತು ಲೋಕಸಭೆಗೂ ಹೋದರು. ಅವರ ಕ್ಲಾಸ್‌ಮೇಟ್ ಸತ್ಯೇಂದ್ರನಾಥ ಬೋಸ್. ಇಬ್ಬರೂ ಸೇರಿಕೊಂಡು ಐನ್‌ಸ್ಟೈನ್‌ನ ಸಾಪೇಕ್ಷತೆಯ ಪ್ರಬಂಧಗಳನ್ನು ಜರ್ಮನ್‌ನಿಂದ ಇಂಗ್ಲಿಷಿಗೆ ಮಾಡಿದರು. ಒಬ್ಬ ಗೆಳೆಯನಾದರೂ ಪಕ್ಕದಲ್ಲಿ ಕೂತು, "ಈ ಸಾಲು ನಂಗೆ ಗೊತ್ತಾಗ್ಲಿಲ್ಲ, ನಿಂಗೆ ಗೊತ್ತಾಯ್ತಾ?" ಅಂತ ಕೇಳುವಂತಿದ್ದರೆ ಸಾಕು ಅನಿಸುತ್ತೆ.

ದೆಹಲಿಯ ಏಮ್ಸ್‌ನಲ್ಲಿ ನಮ್ಮ ಮಕ್ಕಳ ಸ್ಥಿತಿ ಹೇಗಿದೆ ಅಂತ ನೋಡೋಕೆ ಸುಖದೇವ್ ಥೋರಟ್ ಸಮಿತಿ ಆಗಿ 2007ರಲ್ಲಿ ವರದಿ ಬಂತು. ಹಾಸ್ಟೆಲಿನಲ್ಲಿ ಬೇರೆ ಮಾಡಿ ಇಡೋದು, ರ‍್ಯಾಗಿಂಗು, ಇವುಗಳ ಬಗ್ಗೆ ಪತ್ರಿಕೆಗಳು ಬರೆದವು. ಅದರಲ್ಲೇ ಇನ್ನೊಂದು ಮಾತಿತ್ತು: ಮೇಷ್ಟ್ರುಗಳಿಂದ ಬೇಕಾದಷ್ಟು ಬೆಂಬಲ ಸಿಗೋದಿಲ್ಲ, ಅವರನ್ನು ಹತ್ತಿರ ಹೋಗಿ ಮಾತಾಡಿಸೋಕೆ ಆಗೋದಿಲ್ಲ ಅಂತ ಬಹುಪಾಲು ಎಸ್ಸಿ ಎಸ್ಟಿ ವಿದ್ಯಾರ್ಥಿಗಳು ಹೇಳಿದ್ದರು. ಅಲ್ಲಿವರೆಗೆ ಮುಟ್ಟಿದ ಮಕ್ಕಳು, ದೇಶದಲ್ಲೇ ಕಷ್ಟದ ಪರೀಕ್ಷೆ ಪಾಸು ಮಾಡಿದವರು, ಅವರಿಗೂ ಡೌಟ್ ಕೇಳೋಕೆ ಜಾಗ ಇಲ್ಲ. ನಮ್ಮ ತಾಲ್ಲೂಕಿನ ಹುಡುಗಿ ಯಾವ ಲೆಕ್ಕ? ರೋಹಿತ್ ವೇಮುಲ ಕೂಡ ಬರೆಯಬೇಕು ಅಂತಿದ್ದದ್ದು ವಿಜ್ಞಾನ, ಕಾರ್ಲ್ ಸೇಗನ್ ಥರ. 2016ರ ಜನವರಿ 17ರ ಆಮೇಲೆ ನಾವು ಬೀದಿಗೆ ಬಂದೆವು, ಬರಬೇಕಾದ್ದೇ. ಆ ನಕ್ಷತ್ರಗಳ ವಿಷಯ ಮಾತ್ರ ನಮ್ಮ ಯಾವ ಭಾಷಣದಲ್ಲೂ ಎರಡು ನಿಮಿಷಕ್ಕಿಂತ ಹೆಚ್ಚು ಬರಲಿಲ್ಲ.

ಇನ್ನು ನಮ್ಮದೇ ಮಾತು. ಹಾಸ್ಟೆಲ್ ಊಟದಲ್ಲಿ ಹುಳ ಬಂತು ಅಂತ ಧರಣಿ ಮಾಡಿದೀವಿ. ಹಾಸಿಗೆ ಕೊಡಲಿಲ್ಲ ಅಂತ ಮಾಡಿದೀವಿ. ಸ್ಕಾಲರ್‌ಶಿಪ್ ತಡ ಆಯ್ತು ಅಂತ ಕಚೇರಿ ಮುಂದೆ ಮಲಗಿದೀವಿ. ಹೊಟ್ಟೆ ಮೊದಲು, ಅದರಲ್ಲಿ ಎರಡು ಮಾತಿಲ್ಲ. ಆದರೆ ಸಂಜೆ ಒಂದು ಗಂಟೆ ಡೌಟ್ ಕೇಳೋಕೆ ಒಬ್ಬ ಮೇಷ್ಟ್ರು ಬೇಕು ಅಂತ ಯಾವ ಬೇಡಿಕೆ ಪಟ್ಟಿಯಲ್ಲೂ ಇರಲಿಲ್ಲ. ಹೋದ ವರ್ಷ ನಾವು ನಾಲ್ಕೈದು ಜನ ಕೂತು ಇದನ್ನು ಬರೆದೆವು. ಕೊಟ್ಟೆವು. ಸ್ವೀಕೃತಿ ಮೊಹರು ಬಿತ್ತು. ಅಲ್ಲಿಗೆ ಮಲಗಿದೆ. ಸಕಾಲ ಕಾಯ್ದೆಯಲ್ಲಿ ಜಾತಿ ಪ್ರಮಾಣಪತ್ರಕ್ಕೆ ಗಡುವು ಇದೆ, ದಿನ ಮೀರಿದರೆ ಕೇಳೋಕೆ ದಾರಿ ಇದೆ. ನಾನು ಎಸ್ಸಿ ಅಂತ ಸರ್ಕಾರ ಇಷ್ಟೇ ದಿನದಲ್ಲಿ ಬರೆದುಕೊಡಬೇಕು, ಆದರೆ ಮೂರನೇ ನಿಯಮದ ಡೌಟಿಗೆ ವರ್ಷ ಕಳೆದರೂ ಯಾರೂ ಹೊಣೆ ಅಲ್ಲ.

ಅದಕ್ಕೇ ಸರ್ಕಾರ ಮಾಡೋವರೆಗೆ ಕಾಯೋದು ಬೇಡ ಅಂತ ಅಂಬೇಡ್ಕರ್ ಭವನದ ಕೀಲಿ ಕೇಳಿದೆವು. ಭವನ ನಿಮಗೆ ಗೊತ್ತಲ್ಲ, ಏಪ್ರಿಲ್ 14ಕ್ಕೆ ಬಣ್ಣ, ಡಿಸೆಂಬರ್ 6ಕ್ಕೆ ಮೇಣದ ಬತ್ತಿ, ನಡುವೆ ಮದುವೆ. ಕೀಲಿ ಸಿಗೋಕೆ ಎರಡು ತಿಂಗಳು ಹಿಡೀತು, ಆ ಪತ್ರವ್ಯವಹಾರದ ಕತೆ ಇನ್ನೊಂದು ದಿನ ಬರೀತೀನಿ, ನಗೋಕೆ ಚೆನ್ನಾಗಿದೆ. ಈಗ ಭಾನುವಾರ ಬೆಳಿಗ್ಗೆ ಹತ್ತರಿಂದ ಒಂದು ಗಂಟೆವರೆಗೆ ಒಂದು ಕೋಣೆ ನಮ್ಮದು. ಹೈಸ್ಕೂಲಿನಿಂದ ರಿಟೈರ್ ಆದ ಮೇಷ್ಟ್ರು ಒಬ್ಬರು ಬರ್ತಾರೆ. ಇಂಜಿನಿಯರಿಂಗ್ ಕೊನೆ ವರ್ಷದ ಹುಡುಗ ಒಬ್ಬ ಊರಿಗೆ ಬಂದಾಗ ಬರ್ತಾನೆ. ನಾನು ಏನೂ ಹೇಳಿಕೊಡೋದಿಲ್ಲ, ನನಗೆ ಬರೋದೂ ಇಲ್ಲ. ನನ್ನ ಕೆಲಸ ರಿಜಿಸ್ಟರ್.

ಗುಮಾಸ್ತನ ಬುದ್ಧಿ ಅಂತ ನಗಬೇಡಿ. ಕಚೇರಿಯಲ್ಲಿ ಟಪಾಲು ಪುಸ್ತಕಕ್ಕೆ ಹತ್ತಿದ ಕಾಗದವನ್ನು ಯಾರೂ ಬಂದೇ ಇಲ್ಲ ಅನ್ನೋಕೆ ಆಗಲ್ಲ. ನಂಬರ್ ಬಿದ್ದ ಮೇಲೆ ಅದು ಇದೆ. ಹಾಗೇ ಡೌಟಿಗೂ ಒಂದು ನಂಬರ್ ಕೊಟ್ಟೆವು. ಉದ್ದನೆಯ ಲೆಡ್ಜರ್ ಪುಸ್ತಕ, ಕಾಲಂ ಎಳೆದದ್ದು: ತಾರೀಖು, ವಿಷಯ, ಪ್ರಶ್ನೆ, ಉತ್ತರ ಹೇಳಿದವರು, ಅರ್ಥ ಆಯ್ತಾ ಇಲ್ವಾ. ಕೇಳಿದವರ ಹೆಸರಿನ ಕಾಲಂ ಬೇಡ ಅಂತ ನಾನೇ ಹಠ ಹಿಡಿದೆ. ನಮ್ಮ ಸಂಘಟನೆಯ ಗೆಳೆಯರಿಗೆ ಇದು ಸರಿ ಬರಲಿಲ್ಲ. "ಸ್ವಾಭಿಮಾನ ಅಂತೀರಿ, ಹೆಸರು ಮುಚ್ಚಿಟ್ಟು ಕೇಳೋದು ಎಂಥ ಸ್ವಾಭಿಮಾನ?" ಅಂತ ವಾದ. ನನ್ನ ಅನುಭವ ಬೇರೆ. ಬೇರೆ ಹುಡುಗ ದಡ್ಡ ಪ್ರಶ್ನೆ ಕೇಳಿದರೆ ಅವನೊಬ್ಬ ದಡ್ಡ. ನಮ್ಮ ಹುಡುಗ ಕೇಳಿದರೆ ಇಡೀ ಮೀಸಲಾತಿ ದಡ್ಡ ಆಗುತ್ತೆ. ಹದಿನಾರು ವರ್ಷದ ಮಗುವಿನ ಹೆಗಲ ಮೇಲೆ ಅಷ್ಟು ದೊಡ್ಡ ಗಂಟು ಹೊರಿಸಿ "ಧೈರ್ಯವಾಗಿ ಕೇಳು" ಅಂದರೆ ಹೇಗೆ? ಮೊದಲು ಪ್ರಶ್ನೆ ಹೊರಗೆ ಬರಲಿ. ಹೆಸರು ಆಮೇಲೆ ತಾನೇ ಬರುತ್ತೆ, ಬಂದೂ ಇದೆ. ಈಗ ಕೆಲವರು ಪ್ರಶ್ನೆಯ ಕೆಳಗೆ ಸಹಿ ಹಾಕ್ತಾರೆ, ಅದೂ ಇಂಗ್ಲಿಷಿನಲ್ಲಿ, ಗೆಜೆಟೆಡ್ ಆಫೀಸರ್ ಥರ ಎಳೆದು.

ಇನ್ನೊಂದು ಕಾಲಂ ಮೇಷ್ಟ್ರದು. "ನೀನು ಏನು ಪ್ರಯತ್ನ ಮಾಡಿದೆ?" ಅಂತ. ಮೇಷ್ಟ್ರ ಮಾತಿನಲ್ಲಿ ಹುರುಳಿದೆ. ಮನೆಗೆಲಸದ ಲೆಕ್ಕ ತಂದು ಇಟ್ಟು ಉತ್ತರ ಬರೆದುಕೊಡಿ ಅನ್ನೋದು ಡೌಟ್ ಅಲ್ಲ, ಅದು ನಕಲು. ತಾನು ಎಲ್ಲಿ ಸಿಕ್ಕಿಹಾಕಿಕೊಂಡೆ ಅಂತ ತೋರಿಸಿದರೆ ಹೇಳೋರಿಗೂ ಸುಲಭ. ಆದರೆ ಆ ಕಾಲಂ ಖಾಲಿ ಬರತೊಡಗಿತು. ಆಮೇಲೆ ಪ್ರಶ್ನೆಗಳೇ ಕಡಿಮೆಯಾದವು. ಒಬ್ಬ ಹುಡುಗನನ್ನು ಕೇಳಿದರೆ, "ಸಾರ್, ಏನು ಪ್ರಯತ್ನ ಮಾಡ್ಬೇಕು ಅಂತ ಗೊತ್ತಿದ್ರೆ ನಾನ್ಯಾಕೆ ಕೇಳ್ತಿದ್ದೆ?" ಅಂದ. ಅವನಿಗೆ ಆ ಕಾಲಂ ಕೇಳಿಸಿದ್ದು "ನೀನು ಓದಿದ್ದೀಯಾ?" ಅಂತ. ಆ ಧಾಟಿ ಅವರಿಗೆ ಚೆನ್ನಾಗಿ ಗೊತ್ತು. ಮೇಷ್ಟ್ರು ಸ್ವಲ್ಪ ಯೋಚನೆ ಮಾಡಿ ಕಾಲಂನ ತಲೆಬರಹ ಬದಲಾಯಿಸಿದರು: "ಎಲ್ಲಿವರೆಗೆ ಅರ್ಥ ಆಯ್ತು?" ಅಷ್ಟೇ. ಕೇಳಿದ್ದು ಅದನ್ನೇ. ಆದರೆ ಈಗ ತುಂಬಿಸಿ ಕೊಡ್ತಾರೆ. "ವೇಗ ಅರ್ಥ ಆಯ್ತು, ವೆಲಾಸಿಟಿ ಅರ್ಥ ಆಗಲಿಲ್ಲ" ಅಂತ ಒಬ್ಬಳು ಬರೆದಿದ್ದಳು.

ಈ ಸಾಲಿನ ಹತ್ತಿರ ಸ್ವಲ್ಪ ನಿಲ್ಲಬೇಕು. ನಮ್ಮ ರಿಜಿಸ್ಟರ್‌ನಲ್ಲಿ ಮೊದಲ ತಿಂಗಳು ಬಂದ ಪ್ರಶ್ನೆಗಳಲ್ಲಿ ಬಹಳಷ್ಟು ವಿಜ್ಞಾನದ ಪ್ರಶ್ನೆಗಳೇ ಅಲ್ಲ, ಪದದ ಪ್ರಶ್ನೆಗಳು. ಹತ್ತನೇ ಕ್ಲಾಸಿನವರೆಗೆ ಸಂವೇಗ, ವೇಗೋತ್ಕರ್ಷ, ಜಡತ್ವ, ವಕ್ರೀಭವನ, ದ್ಯುತಿಸಂಶ್ಲೇಷಣೆ. ಎರಡು ತಿಂಗಳ ರಜೆ ಕಳೆದು ಹೋದರೆ ಮೊಮೆಂಟಮ್, ಆಕ್ಸಲರೇಷನ್, ಇನರ್ಷಿಯ, ರಿಫ್ರಾಕ್ಷನ್, ಫೋಟೋಸಿಂಥೆಸಿಸ್. ಬಸ್ ಬ್ರೇಕ್ ಹಾಕಿದಾಗ ಮುಂದಕ್ಕೆ ವಾಲೋದು ಜಡತ್ವದಿಂದ ಅಂತ ಆ ಮಗುವಿಗೆ ಗೊತ್ತು, ಬರೆದು ಮಾರ್ಕ್ಸ್ ತಗೊಂಡಿದೆ. ಕ್ಲಾಸಿನಲ್ಲಿ ಇನರ್ಷಿಯ ಅಂದಾಗ ಅದು ಹೊಸ ದೇವರ ಹೆಸರು ಕೇಳಿದಂತೆ ಕೂತಿರುತ್ತೆ. ಕೇಳೋಕೆ ಹೋದರೂ ಯಾವ ಪದದಲ್ಲಿ ಕೇಳಬೇಕು? ಕನ್ನಡದಲ್ಲಿ ಕೇಳಿದರೆ ನಗು, ಇಂಗ್ಲಿಷಿನಲ್ಲಿ ಬಾಯಿ ಬರೋದಿಲ್ಲ. ಬೆಂಗಳೂರಿನ ಇಂಗ್ಲಿಷ್ ಮೀಡಿಯಂ ಮಗುವಿಗೆ ಈ ಗೋಡೆಯೇ ಇಲ್ಲ. ಈಗ ಭವನದ ಗೋಡೆಗೆ ಎರಡು ಸಾಲಿನ ಪಟ್ಟಿ ಅಂಟಿಸಿದೀವಿ, ಎಡಕ್ಕೆ ಕನ್ನಡ, ಬಲಕ್ಕೆ ಅದೇ ಪದದ ಇಂಗ್ಲಿಷ್ ರೂಪ. ದುಡ್ಡು ಖರ್ಚಾಗದ ಕೆಲಸ. ಪ್ರತಿ ಹಾಸ್ಟೆಲಿನ ಊಟದ ಮನೆಯಲ್ಲಿ ಇದನ್ನು ಅಂಟಿಸಬಹುದು, ಯಾರೂ ತಡೆಯೋದಿಲ್ಲ.

ಎತ್ತಿನ ಗಾಡಿ ಏನಾಯ್ತು ಅಂತ ಕೇಳ್ತೀರಿ. ಆ ಹುಡುಗಿಯ ಪ್ರಶ್ನೆ ರಿಜಿಸ್ಟರ್‌ನಲ್ಲಿ ಹನ್ನೊಂದನೇ ನಂಬರ್. ಮೇಷ್ಟ್ರು ಓದಿದವರೇ ಕನ್ನಡಕ ತೆಗೆದು, "ಇದನ್ನು ಯಾರು ಕೇಳಿದ್ದು?" ಅಂದರು. ಯಾರೂ ಮಾತಾಡಲಿಲ್ಲ. "ಇದು ಹಳೇ ಪ್ರಶ್ನೆ ಕಣ್ರಪ್ಪ. ಕುದುರೆ ಗಾಡಿ ಪ್ರಶ್ನೆ ಅಂತ ಪ್ರಪಂಚ ಎಲ್ಲ ಫಿಸಿಕ್ಸ್ ಮೇಷ್ಟ್ರುಗಳು ಇದನ್ನು ಕೇಳಿಸಿಕೊಂಡಿದ್ದಾರೆ. ಮೂರನೇ ನಿಯಮ ನಿಜವಾಗಿ ತಲೆಗೆ ಹಚ್ಚಿಕೊಂಡವರಿಗೆ ಮಾತ್ರ ಈ ಡೌಟ್ ಬರೋದು" ಅಂದರು. ಮೂಲೆಯಲ್ಲಿ ಒಂದು ಕೈ ಮೆಲ್ಲಗೆ ಮೇಲೆ ಬಂತು.

ಆಮೇಲೆ ಒಂದು ಗಂಟೆ ಅದೇ. ಇಬ್ಬರು ಹುಡುಗರ ಕೈಗೆ ಹಗ್ಗ ಕೊಟ್ಟರು. ಎಳೆಯಿರಿ ಅಂದರು. ಸರಿಸಮ ಇದ್ದರು. ಒಬ್ಬನ ಕಾಲ ಕೆಳಗೆ ಒಂದು ಚೊಂಬು ನೀರು ಚೆಲ್ಲಿಸಿದರು. ಭವನದ ನೆಲ ನುಣ್ಣಗಿದೆ, ಅವನು ಸುಯ್ಯನೆ ಜಾರಿ ಬಂದ. "ಹಗ್ಗದಲ್ಲಿ ಇಬ್ಬರಿಗೂ ಬಲ ಒಂದೇ. ಮತ್ತೆ ಇವನು ಯಾಕೆ ಸೋತ?" ಆ ಹುಡುಗಿಯೇ ಹೇಳಿದಳು, "ನೆಲ ಹಿಡೀಲಿಲ್ಲ ಸಾರ್." ಅಲ್ಲಿಂದ ಬಿಚ್ಚಿಕೊಂಡಿತು. ಎತ್ತು ಗಾಡಿಯನ್ನು ಎಳೆಯೋದು ಗಾಡಿಯ ಮೇಲೆ ಬೀಳುವ ಬಲ. ಗಾಡಿ ಎತ್ತನ್ನು ಎಳೆಯೋದು ಎತ್ತಿನ ಮೇಲೆ ಬೀಳುವ ಬಲ. ಎರಡೂ ಸಮ ಇರಬಹುದು, ಆದರೆ ಬೀಳೋದು ಬೇರೆ ಬೇರೆ ವಸ್ತುವಿನ ಮೇಲೆ, ಅದಕ್ಕೇ ಒಂದನ್ನೊಂದು ಹೊಡೆದುಹಾಕೋದಿಲ್ಲ. ಗಾಡಿ ಹೊರಡುತ್ತಾ ಇಲ್ವಾ ಅಂತ ನೋಡೋಕೆ ಗಾಡಿ ಮೇಲಿನ ಬಲಗಳನ್ನು ಮಾತ್ರ ಎಣಿಸಬೇಕು: ಮುಂದಕ್ಕೆ ಎತ್ತು, ಹಿಂದಕ್ಕೆ ಚಕ್ರದ ಘರ್ಷಣೆ. ಎತ್ತಿನ ಲೆಕ್ಕ ಬೇರೆ: ಅದು ಗೊರಸಿನಿಂದ ನೆಲವನ್ನು ಹಿಂದಕ್ಕೆ ಒದೆಯುತ್ತೆ, ನೆಲ ಅದನ್ನು ಮುಂದಕ್ಕೆ ತಳ್ಳುತ್ತೆ. ನೆಲದ ತಳ್ಳು ಗಾಡಿಯ ಎಳೆತಕ್ಕಿಂತ ಹೆಚ್ಚಾದರೆ ಎತ್ತು ಹೊರಡುತ್ತೆ. ಕೆಸರಿನಲ್ಲಿ ಗಾಡಿ ಹೂತರೆ ಕಾಲ ಕೆಳಗೆ ಸೊಪ್ಪು ಕಲ್ಲು ಹಾಕ್ತೀವಲ್ಲ, ಯಾಕೆ? ಅಲ್ಲಿ ಕೂತಿದ್ದ ಅರ್ಧ ಮಕ್ಕಳಿಗೆ ಇದು ಹೊಲದಲ್ಲಿ ಮಾಡಿ ಗೊತ್ತಿತ್ತು. ಗೊತ್ತಿದ್ದದ್ದು ಫಿಸಿಕ್ಸ್ ಅಂತ ಅವತ್ತಿನವರೆಗೆ ಗೊತ್ತಿರಲಿಲ್ಲ.

ನನಗೂ ಅವತ್ತೇ ಅರ್ಥ ಆಗಿದ್ದು, ನಲವತ್ತು ದಾಟಿದ ಮೇಲೆ. ಬಿಎ ಅಲ್ಲವಾ.

ಅವಳು ಸೈನ್ಸ್ ಬಿಟ್ಟಿಲ್ಲ. ಮುಂದೆ ಬಿಡಲೂಬಹುದು, ಒಂದು ಭಾನುವಾರದಿಂದ ಎಲ್ಲ ಸರಿಹೋಗೋದಿಲ್ಲ, ನಾನು ಸಿನಿಮಾ ಕತೆ ಹೇಳ್ತಿಲ್ಲ. ಮ್ಯಾಥ್ಸ್ ಇನ್ನೂ ಕಷ್ಟ ಪಡ್ತಾಳೆ. ಅವಳ ಜೊತೆಗೆ ಬರ್ತಿದ್ದ ಇನ್ನೊಬ್ಬಳು ಸೆಪ್ಟೆಂಬರ್‌ನಲ್ಲಿ ಬಿಟ್ಟಳು. ಅವಳ ಡೌಟ್‌ಗಳು ನಮ್ಮ ರಿಜಿಸ್ಟರ್‌ನಲ್ಲಿ ಐದಾರು ಇವೆ. ಉತ್ತರವೂ ಇದೆ, "ಅರ್ಥ ಆಯ್ತು" ಅಂತಲೂ ಇದೆ. ಮನೆಯಲ್ಲಿ ಬೇರೆ ಕಷ್ಟ.

ಕೆಲವರು ಹೇಳ್ತಾರೆ, ಈಗ ಮೊಬೈಲಿದೆ, ಯೂಟ್ಯೂಬಿದೆ, ಕೇಳಿದ್ದಕ್ಕೆಲ್ಲ ಉತ್ತರ ಬರೆದುಕೊಡುವ ಎಐ ಬಂದಿದೆ, ನಿಮ್ಮ ಲೆಡ್ಜರ್ ಪುಸ್ತಕ ಯಾರಿಗೆ ಬೇಕು ಅಂತ. ನಾನು ಮೊಬೈಲಿನ ವಿರೋಧಿ ಅಲ್ಲ. ಒಂದು ವಿಷಯದಲ್ಲಿ ಅದು ನಮ್ಮ ಎಷ್ಟೋ ಮೇಷ್ಟ್ರುಗಳಿಗಿಂತ ಮೇಲು, "ಯಾವ ಹಾಸ್ಟೆಲು?" ಅಂತ ಕೇಳೋದಿಲ್ಲ. ಹೊರಗಿನವರಿಗೆ ಇದು ಗೊತ್ತಾಗಲ್ಲ, ನಮ್ಮಲ್ಲಿ ಹಾಸ್ಟೆಲ್ ಹೆಸರು ಹೇಳಿದರೆ ಜಾತಿ ಹೇಳಿದಂತೆ. ರಾತ್ರಿ ಹನ್ನೊಂದಕ್ಕೆ ಕೇಳಿದರೂ ರೇಗೋದಿಲ್ಲ. ಆದರೆ ಯೂಟ್ಯೂಬು ಹೇಳುತ್ತೆ, ಕೇಳಿಸಿಕೊಳ್ಳೋದಿಲ್ಲ. ಎಐ ಕೇಳಿಸಿಕೊಳ್ಳುತ್ತೆ, ಆದರೆ ತಪ್ಪು ಹೇಳುವಾಗಲೂ ಅದೇ ಗತ್ತಿನಲ್ಲಿ ಹೇಳುತ್ತೆ, ಅದು ತಪ್ಪು ಅಂತ ಹಿಡಿಯೋಕೆ ಮಗುವಿಗೆ ಅರ್ಧವಾದರೂ ಗೊತ್ತಿರಬೇಕು. ಒಂದು ಕೋಣೆಗೆ ಒಂದು ಫೋನು ಇರುವ ಹಾಸ್ಟೆಲಿನಲ್ಲಿ ಸರದಿ ಬೇರೆ. ಇನ್ನೂ ಒಂದು ಇದೆ. ಪಕ್ಕದವಳಿಗೂ ಇದೇ ಡೌಟ್ ಇದೆ ಅಂತ ಫೋನು ನೋಡುವ ಮಗುವಿಗೆ ಗೊತ್ತಾಗೋದಿಲ್ಲ. ಭವನದಲ್ಲಿ ಹನ್ನೊಂದನೇ ನಂಬರ್ ಓದಿದಾಗ ನಾಲ್ಕು ಜನ "ನಂಗೂ ಇದೇ ಇತ್ತು" ಅಂದರು. ತಾನೊಬ್ಬಳೇ ದಡ್ಡಿ ಅಂದುಕೊಂಡು ಮೂರು ತಿಂಗಳು ಕೂತವಳಿಗೆ ಅದನ್ನು ಕೇಳಿಸಿಕೊಳ್ಳೋದು ಉತ್ತರದಷ್ಟೇ ಬೇಕಾಗಿತ್ತು.

ದೊಡ್ಡವರು ಮಾಡಿದ ಮಾದರಿ ನಮ್ಮ ಮುಂದೆ ಇದೆ. ಗೌರಿಬಿದನೂರು ಕಡೆಯ ಬಡವರ ಮನೆಯಿಂದ ಬಂದ ಎಚ್. ನರಸಿಂಹಯ್ಯ 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಶುರು ಮಾಡಿದರು. ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ವಾರವಾರ ಉಪನ್ಯಾಸ, ಯಾರು ಬೇಕಾದರೂ ಬಂದು ಕೂರಬಹುದು. ಎಚ್ಚೆನ್ ಕುಲಪತಿಯಾಗಿದ್ದಾಗ ಬಾಬಾಗಳ ಪವಾಡವನ್ನೇ ಪ್ರಶ್ನೆ ಮಾಡೋಕೆ ಸಮಿತಿ ಮಾಡಿದ ಮನುಷ್ಯ. ಬಾಗಿಲು ತೆಗೆದಿಟ್ಟದ್ದು ದೊಡ್ಡದೇ. ಆದರೆ ನಮ್ಮ ತಾಲ್ಲೂಕಿನಿಂದ ಬಸವನಗುಡಿಗೆ ಹೋಗಿ ಬರೋಕೆ ಒಂದು ದಿನದ ಕೂಲಿ ಬೇಕು, ಹುಡುಗಿಯರ ಹಾಸ್ಟೆಲ್ ಸಂಜೆ ಆರಕ್ಕೆ ಮುಚ್ಚುತ್ತೆ. ಬಾಗಿಲು ತೆರೆದಿದ್ದರೆ ಸಾಲದು, ಮನೆಯಿಂದ ನಡೆದು ಹೋಗುವಷ್ಟು ಹತ್ತಿರ ಇರಬೇಕು. ಗ್ರಾಮ ಪಂಚಾಯ್ತಿ ಲೈಬ್ರರಿಗಳಿಗೆ ಈಗ ಅರಿವು ಕೇಂದ್ರ ಅಂತ ಹೆಸರಿಟ್ಟಿದ್ದಾರೆ. ಹೆಸರು ಬಹಳ ಚೆನ್ನಾಗಿದೆ. ಅಲ್ಲೊಂದು ಡೌಟ್ ಪುಸ್ತಕ ಇಟ್ಟು ವಾರಕ್ಕೊಮ್ಮೆ ಒಬ್ಬ ಹೈಸ್ಕೂಲ್ ಮೇಷ್ಟ್ರು ಬಂದು ಕೂರುವಂತೆ ಮಾಡಿದರೆ ಹೆಸರಿಗೆ ತಕ್ಕ ಕೆಲಸ ಆಗುತ್ತೆ. ಈ ಬೇಡಿಕೆಯನ್ನು ನಾವು ಈ ಸಲದ ಪಟ್ಟಿಯಲ್ಲಿ ಊಟ, ಹಾಸಿಗೆ, ಸ್ಕಾಲರ್‌ಶಿಪ್ಪಿನ ಕೆಳಗೆ ನಾಲ್ಕನೇದಾಗಿ ಸೇರಿಸಿದೀವಿ. ಬೇರೆ ತಾಲ್ಲೂಕಿನ ಗೆಳೆಯರೂ ಸೇರಿಸಿ. ಕರಡು ಬೇಕಾದರೆ ಕಳಿಸ್ತೀನಿ, ಕಚೇರಿ ಭಾಷೆಯಲ್ಲಿ ಬರೆದದ್ದಿದೆ, ಯಾವ ಟೇಬಲಿನವರೂ ಇದು ನಮಗೆ ಬರೋದಿಲ್ಲ ಅನ್ನೋಕೆ ಆಗದ ಹಾಗೆ.

ಕಡೆಯದಾಗಿ ಒಂದು ಕೋರಿಕೆ. ಏಪ್ರಿಲ್ 14ರ ಫ್ಲೆಕ್ಸಿಗೆ ದುಡ್ಡು ಕೊಡುವವರನ್ನು ನಾನು ಬೇಡ ಅನ್ನಲ್ಲ, ನಮ್ಮ ಬೀದಿಯಲ್ಲಿ ಅಪ್ಪನ ಮುಖ ದೊಡ್ಡದಾಗಿ ಕಾಣಲಿ. ಅದರ ಜೊತೆಗೆ ನಮಗೆ ಬೇಕಾಗಿರೋದು ಕೆಮಿಸ್ಟ್ರಿ ಓದಿದ ಒಬ್ಬರು. ಮೇಷ್ಟ್ರು ಫಿಸಿಕ್ಸ್, ಮ್ಯಾಥ್ಸ್ ನೋಡಿಕೊಳ್ತಾರೆ, ಕೆಮಿಸ್ಟ್ರಿಗೆ ಯಾರೂ ಇಲ್ಲ. ಎಂಎಸ್ಸಿ ಆಗಿರಬೇಕು ಅಂತಿಲ್ಲ, ಬಿಎಸ್ಸಿ ಆದರೂ ಸಾಕು, ರೇಗದೇ ಇದ್ದರೆ ಸಾಕು. ತಿಂಗಳಿಗೆ ಎರಡು ಭಾನುವಾರ. ಬಸ್ ಚಾರ್ಜ್ ಕೊಡ್ತೀವಿ, ಊಟ ನಮ್ಮನೇಲಿ, ಮುದ್ದೆ ಬಸ್ಸಾರು. ನನ್ನ ನಂಬರ್ ನಿಮ್ಮಲ್ಲಿ ಬಹಳ ಜನರ ಹತ್ತಿರ ಇದೆ. ರಿಜಿಸ್ಟರ್‌ನಲ್ಲಿ ಮೂವತ್ತನಾಲ್ಕನೇ ನಂಬರ್ ಮೂರು ವಾರದಿಂದ ಬಾಕಿ ಇದೆ. ಒಂಬತ್ತನೇ ಕ್ಲಾಸಿನ ಹುಡುಗ ಬರೆದದ್ದು, ಹೆಸರಿಲ್ಲ: "ಸೋಡಿಯಂ ನೀರಿಗೆ ಬಿದ್ದರೆ ಉರಿಯುತ್ತದೆ. ಕ್ಲೋರಿನ್ ವಿಷ. ಎರಡೂ ಸೇರಿದ ಉಪ್ಪನ್ನು ನಾವು ದಿನಾ ಹೇಗೆ ತಿನ್ನುತ್ತೇವೆ?" ಎಲ್ಲಿವರೆಗೆ ಅರ್ಥ ಆಯ್ತು ಅನ್ನೋ ಕಾಲಂನಲ್ಲಿ "ಸೋಡಿಯಂವರೆಗೆ" ಅಂತ ಬರೆದಿದ್ದಾನೆ.